ಕಾಣದ ದೇಹವನ್ನು ಬರೆದವರು

1906ರ ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನ ನೊಬೆಲ್ ವೇದಿಕೆಯಲ್ಲಿ ಒಂದು ವಿಚಿತ್ರ ನಡೆಯಿತು. ಆ ವರ್ಷದ ವೈದ್ಯಶಾಸ್ತ್ರದ ಬಹುಮಾನವನ್ನು ಇಟಲಿಯ ಕಾಮಿಲೊ ಗಾಲ್ಜಿ ಮತ್ತು ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ ಇಬ್ಬರಿಗೂ ಸೇರಿಸಿ ಕೊಟ್ಟಿದ್ದರು. 11ರಂದು ಮಾತಾಡಿದ ಗಾಲ್ಜಿ, ಕಹಾಲ್ ಹೇಳುವ ಸಿದ್ಧಾಂತವೇ ಸಲ್ಲದು ಎಂದು ವಾದಿಸಿದರು. 12ರಂದು ಕಹಾಲ್ ಅದೇ ಸಿದ್ಧಾಂತವನ್ನು ಮತ್ತೆ ಮಂಡಿಸಿದರು. ಇಬ್ಬರೂ ನೋಡಿದ್ದು ಮಿದುಳಿನ ತೆಳು ಸೀಳುಗಳನ್ನು. ಇಬ್ಬರೂ ನೆಚ್ಚಿದ್ದು 1873ರಲ್ಲಿ ಗಾಲ್ಜಿಯೇ ಕಂಡುಹಿಡಿದ ಬೆಳ್ಳಿ ಲವಣದ ಬಣ್ಣವನ್ನು. ಆ ಬಣ್ಣಕ್ಕೆ ಒಂದು ಚಮತ್ಕಾರದ ಗುಣವಿದೆ. ಅದು ಸಾವಿರಾರು ಜೀವಕೋಶಗಳ ನಡುವೆ ಎಲ್ಲೋ ಕೆಲವನ್ನು ಮಾತ್ರ, ಆದರೆ ಅವನ್ನು ಬುಡದಿಂದ ತುದಿಯವರೆಗೂ ಕಪ್ಪಾಗಿಸುತ್ತದೆ. ಉಳಿದವು ಇಲ್ಲವೇ ಇಲ್ಲ ಎಂಬಂತೆ ಪಾರದರ್ಶಕವಾಗಿ ಉಳಿಯುತ್ತವೆ. ಇದನ್ನು ನೋಡಿ ಗಾಲ್ಜಿ ಬರೆದದ್ದು ಎಳೆ ಎಳೆ ಬೆಸೆದುಕೊಂಡ ಒಂದು ಅಖಂಡ ಜಾಲವನ್ನು. ಕಹಾಲ್ ಬರೆದದ್ದು ಒಂದಕ್ಕೊಂದು ತೀರಾ ಹತ್ತಿರ ಬಂದರೂ ಕೂಡಿಕೊಳ್ಳದ ಬಿಡಿ ಬಿಡಿ ಕೋಶಗಳನ್ನು. ಕಣ್ಣೆದುರಿನ ಬಣ್ಣ ಒಂದೇ ಆದರೂ ಕಾಗದದ ಮೇಲೆ ಎರಡು ಮಿದುಳುಗಳು ಮೂಡಿದವು. ಸೂಕ್ಷ್ಮ ಜೀವಲೋಕವನ್ನೂ ದೇಹದ ಒಳಗನ್ನೂ ಕಂಡು ಮರುಳಾದ ಕಲಾವಿದರ ಬಗ್ಗೆ ಮಾತು ಬಂದಾಗ ಅದನ್ನು ವಿಜ್ಞಾನದ ಅಂಚಿಗೆ ಹೆಣೆದ ಕುಸುರಿ ಎಂದು ತಳ್ಳಿಹಾಕುವುದು ರೂಢಿ. ಸ್ಟಾಕ್‌ಹೋಮ್‌ನ ಆ ಎರಡು ದಿನಗಳನ್ನು ನೆನೆದರೆ ಹಾಗೆನ್ನುವುದು ಕಷ್ಟ. ಕಣ್ಣಿಗೆ ಕಾಣದ ದೇಹವನ್ನು ನಾವು ಬಲ್ಲದ್ದೇ ಬರೆದ ಚಿತ್ರವಾಗಿ. ಆ ಚಿತ್ರದಲ್ಲಿ ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂದು ಯಾರೋ ತೀರ್ಮಾನಿಸಿರುತ್ತಾರೆ. ಹಾಗಾಗಿ ಇಲ್ಲಿ ಕಲೆ ಬೇಕೋ ಬೇಡವೋ ಎಂದು ಕೇಳಿ ಫಲವಿಲ್ಲ. ಕಲೆ ತಾನು ಮಾಡಿದ ತೀರ್ಮಾನವನ್ನು ನೋಡುಗರಿಗೆ ಒಪ್ಪಿಸುತ್ತದೋ, ಬಚ್ಚಿಡುತ್ತದೋ ಎಂಬುದೇ ಕೇಳಬೇಕಾದ ಪ್ರಶ್ನೆ.

ಕಹಾಲ್‌ಗೆ ಹುಡುಗನಾಗಿದ್ದಾಗ ಚಿತ್ರಕಾರನಾಗುವ ಹುಚ್ಚಿತ್ತು. ವೈದ್ಯರಾಗಿದ್ದ ತಂದೆಗೆ ಅದು ಸುತರಾಂ ಇಷ್ಟವಿರಲಿಲ್ಲ. ಕೊನೆಗೆ ತಂದೆಯೇ ಮಗನನ್ನು ಸ್ಮಶಾನಕ್ಕೆ ಕರೆದೊಯ್ದು, ಆಯ್ದು ತಂದ ಮೂಳೆಗಳನ್ನು ಮುಂದಿಟ್ಟು ಬರೆಯಲು ಹಚ್ಚಿದರು. ಅಲ್ಲಿಂದ ಕಲೆ ಅಂಗರಚನಾಶಾಸ್ತ್ರದ ದಾರಿ ಹಿಡಿಯಿತು. ಕಹಾಲ್ ಉಳಿಸಿಹೋದ ಸುಮಾರು 2,900 ಚಿತ್ರಗಳಲ್ಲಿ ಕೆಲವು ಇಂದಿಗೂ ನರವಿಜ್ಞಾನದ ಪಠ್ಯಗಳಲ್ಲಿ ಅಚ್ಚಾಗುತ್ತಿವೆ. ಅವುಗಳಲ್ಲಿ ಹಲವು ಯಾವುದೋ ಒಂದು ಗಾಜುಫಲಕದ ನಕಲಲ್ಲ. ಹತ್ತಾರು ಸೀಳುಗಳಲ್ಲಿ ತುಂಡು ತುಂಡಾಗಿ ಕಂಡದ್ದನ್ನು ಮನಸ್ಸಿನಲ್ಲಿ ಕೂಡಿಸಿ, ಎಷ್ಟೋ ಸಲ ನೆನಪಿನಿಂದಲೇ, ಒಂದು ಹಾಳೆಯ ಮೇಲೆ ಇಳಿಸಿದವು. ನರಪ್ರವಾಹ ಯಾವ ಕಡೆಗೆ ಹರಿಯುತ್ತದೆಂದು ತೋರಿಸುವ ಪುಟ್ಟ ಬಾಣಗಳೂ ಅವುಗಳಲ್ಲಿವೆ. ಆ ಬಾಣ ಯಾವ ಸೂಕ್ಷ್ಮದರ್ಶಕದಲ್ಲೂ ಕಾಣುವುದಲ್ಲ. ಅದು ಊಹೆ, ಆದರೆ ಊಹೆಯೆಂದು ತಾನೇ ಹೇಳಿಕೊಳ್ಳುವ ಊಹೆ. ಕೋಶದ ಕವಲುಗಳ ಮೇಲೆ ಮೊಳೆತ ಸಣ್ಣ ಮುಳ್ಳುಗಳ ಪ್ರಸಂಗವೂ ಹೀಗೆಯೇ. ಅವು ಬಣ್ಣ ಗರಣೆಕಟ್ಟಿದ ಕಸವೆಂದು ಆ ಕಾಲದ ಹಲವರು ಕಡೆಗಣಿಸಿದ್ದರು. ಕಹಾಲ್ ಅವನ್ನು ಮುಳ್ಳೆಂದೇ ಬರೆದರು. ಕಲಿಕೆ, ನೆನಪುಗಳ ಕುರಿತ ಇಂದಿನ ಸಂಶೋಧನೆಯ ದೊಡ್ಡ ಪಾಲು ಆ ಮುಳ್ಳುಗಳ ಮೇಲೆಯೇ ನಡೆಯುತ್ತಿದೆ. ಗೆದ್ದದ್ದು ಬರೀ ಕೈಚಳಕವಲ್ಲ ಎಂಬುದನ್ನೂ ಸೇರಿಸಬೇಕು. ಕಹಾಲ್ ಬೆಳ್ಳಿ ಬಣ್ಣವನ್ನು ಎರಡೆರಡು ಬಾರಿ ಹಿಡಿಸಿ ಸುಧಾರಿಸಿದರು. ನರದ ಎಳೆಗಳ ಮೇಲೆ ಕೊಬ್ಬಿನ ಹೊದಿಕೆ ಇನ್ನೂ ಬಲಿಯದ ಎಳೆಯ ಪ್ರಾಣಿಗಳ, ಭ್ರೂಣಗಳ ಮಿದುಳನ್ನು ಆರಿಸಿಕೊಂಡರು. ಆದರೆ ಆ ಆಯ್ಕೆಯಲ್ಲೂ ಚಿತ್ರಕಾರನ ಬುದ್ಧಿಯೇ ಕೆಲಸ ಮಾಡಿದೆ: ದಟ್ಟ ಕಾಡಿನಲ್ಲಿ ಮರದ ಆಕಾರ ಬರೆಯಲಾಗದು, ಸಸಿಗಳಿರುವಲ್ಲಿಗೆ ಹೋಗಬೇಕು. ಎರಡು ಕೋಶಗಳ ನಡುವಿನ ಸಂದು ನಿಜಕ್ಕೂ ಇದೆಯೆಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿದ್ದು 1950ರ ದಶಕದಲ್ಲಿ, ಕಹಾಲ್ ತೀರಿಕೊಂಡು ಹದಿನೈದು ವರ್ಷಕ್ಕೂ ಹೆಚ್ಚು ಕಳೆದ ಮೇಲೆ. ಅಲ್ಲಿಯವರೆಗೆ ಆ ಸಂದು ಇದ್ದದ್ದು ಶಾಯಿಯ ಎರಡು ಗೆರೆಗಳ ನಡುವೆ ಬಿಟ್ಟ ಬಿಳಿ ಜಾಗದಲ್ಲಿ.

ಈ ಕಷ್ಟ ಸೂಕ್ಷ್ಮದರ್ಶಕದ ಜೊತೆಗೇ ಹುಟ್ಟಿತು. ಲಂಡನ್ನಿನಲ್ಲಿ 1665ರಲ್ಲಿ ‘ಮೈಕ್ರೊಗ್ರಾಫಿಯಾ’ ಪ್ರಕಟಿಸಿದ ರಾಬರ್ಟ್ ಹುಕ್ ಎಳವೆಯಲ್ಲಿ ಪೀಟರ್ ಲೆಲಿ ಎಂಬ ಭಾವಚಿತ್ರಕಾರನ ಬಳಿ ಸ್ವಲ್ಪ ಕಾಲ ಶಿಷ್ಯವೃತ್ತಿ ಮಾಡಿದ್ದವನು. ಮಡಿಸಿಟ್ಟ ಹಾಳೆಯಲ್ಲಿ ಅಂಗೈಯ ಎರಡು ಪಟ್ಟಿಗೂ ದೊಡ್ಡದಾಗಿ ಹರಡಿಕೊಳ್ಳುವ ಅವನ ಚಿಗಟದ ಚಿತ್ರ ಲೋಕಪ್ರಸಿದ್ಧ. ಅದಕ್ಕಿಂತ ಬೆಲೆಬಾಳುವುದು ಮುನ್ನುಡಿಯಲ್ಲಿ ಅವನು ತೋಡಿಕೊಂಡ ಕಷ್ಟ. ನೊಣದ ಕಣ್ಣು ಒಂದು ಬೆಳಕಿನಲ್ಲಿ ತೂತು ತೂತಾದ ಜಾಲರಿ, ಬಿಸಿಲಿನಲ್ಲಿ ಚಿನ್ನದ ಮೊಳೆ ಹೊಡೆದ ಹಲಗೆ, ಬೇರೊಂದು ಬದಿಯಿಂದ ಪಿರಮಿಡ್ಡುಗಳ ಸಾಲು. ಉಬ್ಬು ಯಾವುದು, ತಗ್ಗು ಯಾವುದು, ನೆರಳು ಎಲ್ಲಿ, ಕಲೆ ಎಲ್ಲಿ ಎಂದು ತಿಳಿಯುವುದೇ ದುಸ್ತರ. ಆದ್ದರಿಂದ ಹಲವು ಬೆಳಕಿನಲ್ಲಿ, ಹಲವು ಭಂಗಿಯಲ್ಲಿ ಪರೀಕ್ಷಿಸಿ ನಿಜವಾದ ರೂಪ ಇದೇ ಎಂದು ಮನಗಾಣುವವರೆಗೆ ಅವನು ಲೇಖನಿ ಹಿಡಿಯುತ್ತಿರಲಿಲ್ಲ. ಅಂದರೆ ಹುಕ್‌ನ ಪುಟದಲ್ಲಿರುವ ನೊಣದ ಕಣ್ಣು ಯಾವ ಒಂದು ಗಳಿಗೆಯಲ್ಲೂ ಮಸೂರದ ಕೆಳಗೆ ಹಾಗೆ ಕಂಡದ್ದಲ್ಲ. ಹಲವು ನೋಟಗಳನ್ನು ತೂಗಿ ಕೊಟ್ಟ ತೀರ್ಪು ಅದು. ಅವನ ಸಮಕಾಲೀನ, ಡೆಲ್ಫ್ಟ್ ಪಟ್ಟಣದ ಆಂಟನಿ ವಾನ್ ಲೆವೆನ್‌ಹುಕ್, ಬ್ಯಾಕ್ಟೀರಿಯಾವನ್ನು ಮೊದಲು ಕಂಡವನು, ತನಗೆ ಚಿತ್ರ ಬರೆಯಲು ಬಾರದೆಂದು ಕಲಾವಿದರನ್ನು ಕೂಲಿಗೆ ಇಟ್ಟುಕೊಂಡಿದ್ದ. ರಾಯಲ್ ಸೊಸೈಟಿಗೆ ಅವನು ಕಳಿಸಿದ ಚಿತ್ರಗಳು ಬೇರೆ ಕೈಗಳವು, ಮತ್ತು ಆ ಕೈಗಳ ಹೆಸರು ನಮ್ಮಲ್ಲಿ ಬಹುಪಾಲು ಯಾರಿಗೂ ಗೊತ್ತಿಲ್ಲ. 1694ರಲ್ಲಿ ನಿಕೊಲಾಸ್ ಹಾರ್ಟ್‌ಸೂಕರ್ ವೀರ್ಯಾಣುವಿನ ತಲೆಯೊಳಗೆ ಮಂಡಿ ಮಡಿಚಿ ಕುಳಿತ ಕುಬ್ಜ ಮನುಷ್ಯನನ್ನು ಬರೆದ. ಹಾಗೆ ಕಂಡೆನೆಂದು ಅವನು ಹೇಳಲಿಲ್ಲ. ಕಾಣುವಂತಾದರೆ ಹೀಗಿರಬಹುದು ಎಂದಷ್ಟೇ ಹೇಳಿದ. ಆದರೆ ಆ ‘ಹೀಗಿರಬಹುದು’ ಪಠ್ಯದಲ್ಲಿ ಉಳಿಯಿತು, ಚಿತ್ರ ಒಂಟಿಯಾಗಿ ಊರು ಸುತ್ತಿತು. ಜನ ಇಂದಿಗೂ ಅದನ್ನು ಹಾರ್ಟ್‌ಸೂಕರ್ ಕಂಡ ದೃಶ್ಯವೆಂದೇ ನಗುತ್ತಾರೆ.

ಚೆಲುವು ಎಲ್ಲಿ ಮೋಸಕ್ಕೆ ತಿರುಗುತ್ತದೆ ಎಂದು ತಿಳಿಯಬೇಕಾದರೆ ಎರ್ನ್‌ಸ್ಟ್ ಹೆಕೆಲ್ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. 1834ರಲ್ಲಿ ಹುಟ್ಟಿದ ಈ ಜರ್ಮನ್ ಪ್ರಾಣಿಶಾಸ್ತ್ರಜ್ಞ ಇಪ್ಪತ್ತೈದರ ಪ್ರಾಯದಲ್ಲಿ ಇಟಲಿಗೆ ಹೋಗಿ, ವಿಜ್ಞಾನ ಬಿಟ್ಟು ನಿಸರ್ಗಚಿತ್ರ ಬರೆಯುತ್ತ ಬದುಕಿಬಿಡಲೇ ಎಂದು ಹೊಯ್ದಾಡಿದವರು. ಕೊನೆಗೆ ಅವರನ್ನು ಹಿಡಿದು ನಿಲ್ಲಿಸಿದ್ದು ಮೆಸ್ಸಿನಾ ಕಡಲಿನ ರೇಡಿಯೊಲೇರಿಯಾ, ಗಾಜಿನಂಥ ಸಿಲಿಕಾ ಎಲುಬುಗೂಡು ಕಟ್ಟಿಕೊಳ್ಳುವ ಏಕಕೋಶ ಜೀವಿಗಳು. 1872ರಿಂದ 76ರವರೆಗೆ ಲೋಕದ ಸಮುದ್ರಗಳನ್ನು ಅಳೆದ ‘ಚಾಲೆಂಜರ್’ ಹಡಗು ತಂದ ಕೆಸರಿನಿಂದ ಹೆಕೆಲ್ 3,500ಕ್ಕೂ ಹೆಚ್ಚು ಹೊಸ ಪ್ರಭೇದಗಳನ್ನು ವಿವರಿಸಿದರು. ಆ ವರದಿಗೆ 140 ಚಿತ್ರಫಲಕಗಳಿವೆ. 1899ರಿಂದ 1904ರವರೆಗೆ ಕಂತುಗಳಲ್ಲಿ ಬಂದ ನೂರು ಫಲಕಗಳ ‘ಕುನ್ಸ್ಟ್‌ಫಾರ್ಮೆನ್ ಡೆರ್ ನಾಟುರ್’ (ಪ್ರಕೃತಿಯ ಕಲಾರೂಪಗಳು) ಯುರೋಪಿನ ವಾಸ್ತುಶಿಲ್ಪಿಗಳ ಮೇಜು ಸೇರಿತು. 1900ರ ಪ್ಯಾರಿಸ್ ಮಹಾಪ್ರದರ್ಶನದ ಹೆಬ್ಬಾಗಿಲನ್ನು ರೆನೆ ಬಿನೆ ಹೆಕೆಲ್‌ರ ರೇಡಿಯೊಲೇರಿಯಾ ನೋಡಿಯೇ ಕಟ್ಟಿದ್ದು. ಒಂದು ಅಂಬಲಿ ಮೀನಿಗೆ ಹೆಕೆಲ್ ತೀರಿಹೋದ ಮಡದಿ ಆನಾ ಸೆಥೆಯ ಹೆಸರಿಟ್ಟರು, ಅದರ ಇಳಿಬಿದ್ದ ತಂತುಗಳಲ್ಲಿ ಅವಳ ಕೂದಲನ್ನು ಕಂಡು. ಇಷ್ಟರವರೆಗೆ ತಕರಾರಿಲ್ಲ. ಆದರೆ ಫಲಕಗಳಲ್ಲಿನ ಜೀವಿಗಳು ಕಡಲಿನಲ್ಲಿ ಇರುವುದಕ್ಕಿಂತ ಅಚ್ಚುಕಟ್ಟು. ಸಮ್ಮಿತಿ ಪ್ರಕೃತಿಯ ಕಾನೂನೆಂದು ನಂಬಿದವರ ಕೈ ಸೊಟ್ಟಗಿದ್ದದ್ದನ್ನು ನೆಟ್ಟಗೆ ಮಾಡಿದೆ. ಇನ್ನೂ ಕೆಟ್ಟದ್ದು 1868ರ ಪುಸ್ತಕದಲ್ಲಿದೆ. ನಾಯಿ, ಕೋಳಿ, ಆಮೆಗಳ ಎಳೆ ಭ್ರೂಣಗಳು ಎಷ್ಟು ಒಂದೇ ತೆರನಾಗಿವೆ ನೋಡಿ ಎಂದು ಅಕ್ಕಪಕ್ಕದಲ್ಲಿ ಅಚ್ಚುಹಾಕಿದ್ದ ಮೂರು ಚಿತ್ರಗಳು ಒಂದೇ ಮರದಚ್ಚಿನಿಂದ ಬಂದವು. ಬಾಸೆಲ್ ನಗರದ ಲುಡ್ವಿಗ್ ರೂಟಿಮಾಯರ್ ಇದನ್ನು ಹಿಡಿದುಕೊಟ್ಟ ಬಳಿಕ, ಮುಂದಿನ ಆವೃತ್ತಿಯಲ್ಲಿ ಮೂರರ ಜಾಗಕ್ಕೆ ಒಂದೇ ಚಿತ್ರ ಬಂತು. ಮುಂದೆ 1874ರಲ್ಲಿ ಬಂದ ಭ್ರೂಣಗಳ ಕೋಷ್ಟಕವನ್ನು 1997ರಲ್ಲಿ ಛಾಯಾಚಿತ್ರಗಳ ಜೊತೆಗಿಟ್ಟು ನೋಡಿದಾಗ ಹೋಲಿಕೆ ಎಷ್ಟು ಹಿಗ್ಗಿಸಿದ್ದೆಂದು ಮತ್ತೊಮ್ಮೆ ಬಯಲಾಯಿತು. ಎಳೆಯ ಭ್ರೂಣಗಳ ನಡುವೆ ಹೋಲಿಕೆ ಇರುವುದು ನಿಜ, ವಿಕಾಸವಾದವೂ ನಿಜ. ಸುಳ್ಳು ಇದ್ದದ್ದು ಚಿತ್ರದಲ್ಲಿ. ಕಹಾಲ್‌ರಂತೆ ಹೆಕೆಲ್‌ರೂ ಕಂಡದ್ದನ್ನು ತಿದ್ದಿ ಬರೆದವರೇ ಅಲ್ಲವೇ ಎಂದು ಕೇಳಬಹುದು. ಹೌದು. ಆದರೆ ಕಹಾಲ್‌ರ ಗೆರೆ ವಾದವೊಂದನ್ನು ಎದುರಾಳಿ ಪರೀಕ್ಷಿಸಲೆಂದು ಮುಂದಿಟ್ಟಿತು. ಹೆಕೆಲ್‌ರ ಮರದಚ್ಚು ವಾದ ಆಗಲೇ ಗೆದ್ದಾಯಿತೆಂದು ನಟಿಸಿತು.

ಹಾಗಿದ್ದರೆ ಕೈಯನ್ನೇ ದೂರವಿಟ್ಟು ಕ್ಯಾಮೆರಾಕ್ಕೆ ಬಿಟ್ಟರಾಗದೇ? ಇದು ಗಟ್ಟಿಯಾದ ಆಕ್ಷೇಪ, ಮತ್ತು ಇದನ್ನು ಎತ್ತಿದವರು ಸಾಮಾನ್ಯರಲ್ಲ. ಕ್ಷಯ, ಕಾಲರಾಗಳ ರೋಗಾಣುಗಳನ್ನು ಗುರುತಿಸಿದ ರಾಬರ್ಟ್ ಕಾಖ್ 1877ರಲ್ಲೇ ಬ್ಯಾಕ್ಟೀರಿಯಾದ ಛಾಯಾಚಿತ್ರ ಪ್ರಕಟಿಸಿ, ಚಿತ್ರ ಬರೆಯುವವನ ಕೈ ತನಗೆ ಬೇಕಾದ ಕಡೆ ವಾಲುತ್ತದೆ, ಫೋಟೊ ವಾಲದು ಎಂದು ಸಾಧಿಸಿದರು. ಹೆಕೆಲ್‌ರಂಥವರು ಇದ್ದ ಕಾಲದಲ್ಲಿ ಇದು ಅಗತ್ಯದ ಎಚ್ಚರಿಕೆಯೇ ಆಗಿತ್ತು. ಆದರೆ ಬ್ಯಾಕ್ಟೀರಿಯಾ ತಾನಾಗಿ ಪಾರದರ್ಶಕ. ಫೋಟೊದಲ್ಲಿ ಮೂಡಬೇಕಾದರೆ ಅದನ್ನು ಒಣಗಿಸಿ, ಕೊಂದು, ಅನಿಲಿನ್ ಬಣ್ಣದಲ್ಲಿ ಅದ್ದಬೇಕಿತ್ತು. ಯಾವುದು ಕೆಂಪಾಗಬೇಕು, ಯಾವುದು ನೀಲಿಯಾಗಬೇಕು ಎಂಬ ಆಯ್ಕೆ ಕ್ಯಾಮೆರಾದ ಮುಚ್ಚಳ ತೆಗೆಯುವ ಮೊದಲೇ ಮುಗಿದಿರುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳು ಹುಟ್ಟುವುದು ಕಪ್ಪು ಬಿಳುಪಿನಲ್ಲಿ. ಪತ್ರಿಕೆಯಲ್ಲಿ ನಾವು ಕಾಣುವ ನೇರಳೆ, ಹಸಿರು ಆಮೇಲೆ ಬಳಿದದ್ದು. ವೈರಸ್‌ಗಳ ವಿಷಯದಲ್ಲಿ ಬಣ್ಣವೆಂಬ ಮಾತೇ ಹೊಂದದು. ನಮ್ಮ ಕಣ್ಣು ಹಿಡಿಯಬಲ್ಲ ಬೆಳಕಿನ ಅಲೆಯುದ್ದ ಸುಮಾರು 400ರಿಂದ 700 ನ್ಯಾನೊಮೀಟರ್. ಕೊರೊನಾ ವೈರಸ್‌ನ ಅಡ್ಡಳತೆ 100 ನ್ಯಾನೊಮೀಟರ್‌ನ ಆಸುಪಾಸು. ಇನ್ನು ಅತಿಶೈತ್ಯದಲ್ಲಿ ಹೆಪ್ಪುಗಟ್ಟಿಸಿ ಪ್ರೋಟೀನಿನ ರೂಪ ತಿಳಿಯುವ ಇಂದಿನ ವಿಧಾನದಲ್ಲಿ ಸಾವಿರಾರು ಮಸುಕು ಬಿಂಬಗಳನ್ನು ಸರಾಸರಿ ಮಾಡಿ ಒಂದು ಆಕೃತಿಯನ್ನು ಕಟ್ಟುತ್ತಾರೆ. ಹುಕ್ ಒಬ್ಬನೇ ಕುಳಿತು ಮಾಡಿದ್ದನ್ನು ಗಣಕ ಈಗ ಮಾಡುತ್ತಿದೆ, ಅಷ್ಟೆ. ಕ್ಯಾಮೆರಾ ಕಲಾವಿದನ ತೀರ್ಮಾನವನ್ನು ಇಲ್ಲವಾಗಿಸಲಿಲ್ಲ, ಹಿಂದಿನ ಕೋಣೆಗೆ ಸಾಗಿಸಿತು. ಹಿಂದಿನ ಕೋಣೆಯ ತೀರ್ಮಾನವನ್ನು ಪ್ರಶ್ನಿಸುವುದು ಇನ್ನೂ ಕಷ್ಟ.

ಅಣುಗಳ ಮಟ್ಟಕ್ಕೆ ಇಳಿದರಂತೂ ಕೈಯಲ್ಲಿ ಬರೆದ ಚಿತ್ರವೇ ವಿಜ್ಞಾನದ ಭಾಷೆಯಾಯಿತು. ಪ್ರೋಟೀನೊಂದರ ಸಾವಿರಾರು ಪರಮಾಣುಗಳನ್ನು ಇದ್ದಂತೆ ಬರೆದರೆ ಅದು ಗೋಜಲೇ ಹೊರತು ಚಿತ್ರವಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೇನ್ ರಿಚರ್ಡ್‌ಸನ್ 1981ರಲ್ಲಿ ಪರಮಾಣುಗಳನ್ನೆಲ್ಲ ಬಿಟ್ಟು, ಸರಪಳಿ ಹೋಗುವ ಹಾದಿಯನ್ನು ಸುರುಳಿ ರಿಬ್ಬನ್ನುಗಳಾಗಿ, ಚಪ್ಪಟೆ ಬಾಣಗಳಾಗಿ ಕೈಯಲ್ಲೇ ಬರೆದರು. ಆಮೇಲೆ ಬಂದ ಗಣಕ ತಂತ್ರಾಂಶಗಳೆಲ್ಲ ಆ ಕೈಯನ್ನೇ ಅನುಕರಿಸಿದವು. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯ ಡೇವಿಡ್ ಗುಡ್ಸೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಡೀ ಜೀವಕೋಶದ ಒಳಗನ್ನು ಜಲವರ್ಣದಲ್ಲಿ ಬರೆಯುತ್ತ ಬಂದಿದ್ದಾರೆ. ಅವರ ಮೆಚ್ಚಿನ ಅಳತೆ ಹತ್ತು ಲಕ್ಷ ಪಟ್ಟು: ಆ ಲೆಕ್ಕದಲ್ಲಿ ಎರಡು ಮೈಕ್ರೊಮೀಟರ್ ಉದ್ದದ ಇ. ಕೋಲೈ ಬ್ಯಾಕ್ಟೀರಿಯಾ ಎರಡು ಮೀಟರ್ ಆಗುತ್ತದೆ. ನಮ್ಮ ಹೈಸ್ಕೂಲಿನ ಮಕ್ಕಳು ಪೆನ್ಸಿಲ್‌ನಲ್ಲಿ ಬರೆದು ಭಾಗಗಳನ್ನು ಗುರುತಿಸುವ ಜೀವಕೋಶವನ್ನು ಅದರ ಪಕ್ಕದಲ್ಲಿಡಿ. ಪಠ್ಯದ ಕೋಶದಲ್ಲಿ ನಾಲ್ಕಾರು ಅಂಗಗಳು ಖಾಲಿ ಕೊಳದಲ್ಲಿ ತೇಲುತ್ತಿರುತ್ತವೆ. ಗುಡ್ಸೆಲ್‌ರ ಕೋಶ ತೇರಿನ ದಿನದ ರಥಬೀದಿ. ಪ್ರೋಟೀನು ಪ್ರೋಟೀನಿಗೆ ಉಜ್ಜಿಕೊಂಡೇ ನಿಂತಿರುತ್ತದೆ. ಆ ಇಕ್ಕಟ್ಟು ಕಲ್ಪನೆಯಲ್ಲ. ಯಾವ ಅಣು ಎಷ್ಟಿದೆ, ಎಷ್ಟು ದೊಡ್ಡದಿದೆ ಎಂಬ ಪ್ರಕಟಿತ ಅಳತೆಗಳಿಂದ ಲೆಕ್ಕ ಹಾಕಿ ಅವರು ಜಾಗ ತುಂಬುತ್ತಾರೆ. ಹಾಗೆಯೇ ಒಂದು ದೊಡ್ಡ ಸುಳ್ಳನ್ನೂ ಬೇಕೆಂದೇ ಬರೆಯುತ್ತಾರೆ: ಕೋಶದ ತೂಕದಲ್ಲಿ ಸುಮಾರು ಮುಕ್ಕಾಲು ಪಾಲಾದ ನೀರನ್ನು ಬಿಟ್ಟುಬಿಡುತ್ತಾರೆ. ನೀರಿನ ಅಣುಗಳನ್ನೂ ಬರೆದರೆ ಬೇರೇನೂ ಕಾಣದು. ಬಣ್ಣಗಳೂ ಅವರ ಆಯ್ಕೆಯವೇ. ಆದರೆ ನೆರಳು, ಹೊಳಪುಗಳಿಲ್ಲದ ಸಮತಟ್ಟು ಬಣ್ಣ ಮತ್ತು ದಪ್ಪ ಹೊರಗೆರೆಯ ಅವರ ಶೈಲಿ ಇದು ಫೋಟೊ ಅಲ್ಲ, ಬರೆದದ್ದು ಎಂದು ಮೊದಲ ನೋಟಕ್ಕೇ ಸಾರುತ್ತದೆ. ಈ ಸಾಲಿನಲ್ಲಿ ನಾನು ಹೆಚ್ಚು ನಂಬುವ ಚಿತ್ರಕಾರ ಗುಡ್ಸೆಲ್.

ನಂಬಿಕೆ ಕಡಿಮೆಯಾಗುವುದು ಲೋಕವೆಲ್ಲ ನೋಡಿದ ಆ ಇನ್ನೊಂದು ಚಿತ್ರದ ಮುಂದೆ. 2020ರ ಆರಂಭದಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರಕ್ಕಾಗಿ ಅಲಿಸಾ ಎಕರ್ಟ್ ಮತ್ತು ಡ್ಯಾನ್ ಹಿಗಿನ್ಸ್ ರೂಪಿಸಿದ ಬೂದು ಗೋಳ, ಅದರ ತುಂಬ ಕೆಂಪು ಮೊನೆಗಳು. ಕನ್ನಡ ಪತ್ರಿಕೆಗಳ ಮುಖಪುಟದಿಂದ ಹಿಡಿದು ಚೆನ್ನೈ ಪೊಲೀಸರ ತಲೆಯ ಮೇಲಿನ ಹೆಲ್ಮೆಟ್‌ವರೆಗೆ ಅದರ ಸಂತತಿ ಹಬ್ಬಿತು. ಕಾಣದ ಶತ್ರುವಿಗೆ ಒಂದು ಮುಖ ಕೊಡಬೇಕಿತ್ತು, ಕೊಟ್ಟರು. ಆ ಮಟ್ಟಿಗೆ ಅದು ಸಾರ್ಥಕವೇ. ಆದರೆ ಆಮೇಲೆ ನಿಜವಾದ ವೈರಸ್ ಕಣಗಳನ್ನು ಹೆಪ್ಪುಗಟ್ಟಿಸಿ ಎಣಿಸಿದಾಗ ಮೊನೆಗಳು ಸರಾಸರಿ ಇಪ್ಪತ್ತೈದರ ಆಸುಪಾಸು ಸಿಕ್ಕವು, ಅವು ಬುಡದಲ್ಲಿ ಬಾಗಿ ಓಲಾಡುತ್ತಿದ್ದವು, ಗೋಳವೂ ಅಷ್ಟು ಗೋಳವಾಗಿರಲಿಲ್ಲ. ಮೃದುವಾದ ಕೊಬ್ಬಿನ ಗುಳ್ಳೆಯೊಂದು ಜನಮನದಲ್ಲಿ ಕಲ್ಲಿನ ಆಯುಧವಾಗಿ ಕುಳಿತಿತ್ತು. ಸಾಬೂನಿಗೆ ಅದು ಯಾಕೆ ಕರಗಿಹೋಗುತ್ತದೆ ಎಂಬ ಬಹಳ ಬೇಕಾದ ಮಾತನ್ನು ಆ ಕಲ್ಲಿನ ಮೈ ಹೇಳಲಿಲ್ಲ. ಬ್ರಿಟನ್ನಿನ ಲೂಕ್ ಜೆರಮ್ 2004ರಿಂದಲೇ ಇದಕ್ಕೆ ಎದುರಾದ ದಾರಿ ಹಿಡಿದಿದ್ದಾರೆ: ಎಚ್‌ಐವಿ, ಸಿಡುಬು ಮೊದಲಾದ ವೈರಸ್‌ಗಳನ್ನು ಬಣ್ಣವೇ ಇಲ್ಲದ ಗಾಜಿನಲ್ಲಿ ಊದಿಸುತ್ತಾರೆ. ಅವರಿಗೆ ಬಣ್ಣಗುರುಡು, ಮಾಧ್ಯಮಗಳಲ್ಲಿ ವೈರಸ್‌ಗಳಿಗೆ ಬಳಿಯುವ ಬಣ್ಣ ಎಲ್ಲಿಂದ ಬಂತೆಂಬ ಪ್ರಶ್ನೆಯೇ ಆ ಕೆಲಸದ ಬೀಜ. ಗಾಜಿನ ಚೆಲುವು ಸಾವಿನ ಭೀಕರತೆಯನ್ನು ಮರೆಸುವುದಿಲ್ಲವೇ ಎಂಬ ಟೀಕೆಗೂ ಅರ್ಥವಿದೆ. ಆದರೂ ವೈರಸ್‌ಗೆ ಬಣ್ಣವಿಲ್ಲ ಎಂಬ ನಿಜವನ್ನು ಒಂದು ಕೋಣೆ ತುಂಬ ಜನಕ್ಕೆ ಮಾತಿಲ್ಲದೆ ತಿಳಿಸಿದ ಬೇರೆ ಕೃತಿ ನನಗೆ ಗೊತ್ತಿಲ್ಲ.

ಇವರಲ್ಲಿ ಹೆಚ್ಚಿನವರು ವಿಜ್ಞಾನಕ್ಕಾಗಿ ಚಿತ್ರ ಬರೆದವರು, ಅದರ ಸೇವಕರು. ಕಲೆಗಾಗಿ ಕಲೆ ಮಾಡಿದವರ ಬೆರಗಿಗೆ ಈ ಅಳತೆಗೋಲು ಹೇಗೆ ಸಲ್ಲುತ್ತದೆ ಎಂಬುದು ಎರಡನೆಯ ಆಕ್ಷೇಪ. ಸಲ್ಲುತ್ತದೆ, ಸ್ವಲ್ಪ ಬೇರೆ ರೀತಿಯಲ್ಲಿ. ವಿಯೆನ್ನಾದಲ್ಲಿ ಗುಸ್ತಾವ್ ಕ್ಲಿಮ್ಟ್‌ಗೆ ಅಂಗರಚನಾಶಾಸ್ತ್ರಜ್ಞ ಎಮಿಲ್ ಜುಕರ್‌ಕಾಂಡ್ಲ್ ಮತ್ತು ಪತ್ರಕರ್ತೆ ಬೆರ್ಟಾ ದಂಪತಿಯ ಸ್ನೇಹವಿತ್ತು. ಎಮಿಲ್ ಕಲಾವಿದರಿಗಾಗಿ ಉಪನ್ಯಾಸ ಕೊಟ್ಟು ಅಂಗಾಂಶದ ಚಿತ್ರಗಳನ್ನು ತೋರಿಸುತ್ತಿದ್ದರು. 1907-08ರ ‘ಡಾನಾಯೆ’ಯಲ್ಲಿ ಡಾನಾಯೆ ಎಂಬ ಹೆಣ್ಣಿನ ಮೇಲೆ ದೇವರು ಚಿನ್ನದ ಮಳೆಯಾಗಿ ಸುರಿಯುವ ಪುರಾಣದ ದೃಶ್ಯವಿದೆ, ಅವಳ ಮೈಮೇಲಿನ ತೆಳುಬಟ್ಟೆಯ ದುಂಡು ವಿನ್ಯಾಸಗಳಲ್ಲಿ ಗರ್ಭಕಟ್ಟಿದ ಮೊದಲ ದಿನಗಳ ಭ್ರೂಣದ ರೂಪವನ್ನು ಜೀವವಿಜ್ಞಾನಿಗಳು ಗುರುತಿಸಿದ್ದಾರೆ. ಆ ಗುರುತು ಸರಿಯೆಂದೇ ಇಟ್ಟುಕೊಳ್ಳೋಣ. ಆಗ ಅದು ಬಟ್ಟೆಯ ಅಂಚಿನ ಅಲಂಕಾರವಾಗಿ ಉಳಿಯದೆ, ಅವಳಿಗಿನ್ನೂ ಗೊತ್ತಿಲ್ಲದ ಬಸಿರನ್ನು ನೋಡುಗರಿಗೆ ಮೊದಲೇ ಹೇಳುವ ಜಾಣತನವಾಗುತ್ತದೆ. ಆದರೆ ಮೈಮರೆತು ಮಲಗಿದ ಹೆಣ್ಣಿಗೆ ಅಲ್ಲಿ ಮಾತಿಲ್ಲ. ಕೋಶಗಳು ಅವಳ ಮೇಲೆ ಬಿದ್ದ ಚಿನ್ನದಷ್ಟೇ ಪರಕೀಯ. ಮುಂದೆ ಪ್ಯಾರಿಸ್‌ನಲ್ಲಿ ಕಾಂಡಿನ್‌ಸ್ಕಿಯ ಕ್ಯಾನ್ವಾಸಿನ ಮೇಲೆ ತೇಲಿಬಂದ ಅಮೀಬಾ, ಭ್ರೂಣಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅವು ಚೆಲುವಾದ ಆಕಾರಗಳು, ದೇಹದ ಹಂಗು ತೊರೆದವು.

ಗಾಜುಫಲಕದ ಮೇಲೆ ಏರಿದ ಕೂಡಲೇ ಅಂಗಾಂಶದ ಚೂರಿಗೆ ಒಡೆಯರಿಲ್ಲದಂತಾಗುತ್ತದೆ. ಇದು ಸೂಕ್ಷ್ಮದರ್ಶಕದ ಚಿತ್ರ ಮಾಡುವ ಎಲ್ಲ ಬಿಡುವಿಕೆಗಳಲ್ಲಿ ದೊಡ್ಡದು. ಬಾಲ್ಟಿಮೋರ್‌ನಲ್ಲಿ 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಹೆಣ್ಣುಮಗಳ ಗೆಡ್ಡೆಯಿಂದ ಒಪ್ಪಿಗೆ ಕೇಳದೆ ತೆಗೆದ ಕೋಶಗಳು ‘ಹೀಲಾ’ ಎಂಬ ಎರಡಕ್ಷರವಾಗಿ ಲೋಕದ ಪ್ರಯೋಗಾಲಯಗಳಲ್ಲೆಲ್ಲ ಬೆಳೆದವು. ಅವಳ ಹೆಸರು ಹೊರಬರಲು ದಶಕಗಳು ಹಿಡಿದವು. ಈ ಅಳಿಸಿದ ಒಡೆತನವನ್ನು ಮರಳಿ ಬರೆದವರಲ್ಲಿ ಮೊದಲು ಬರುವ ಹೆಸರು ಫ್ರಿಡಾ ಕಾಹ್ಲೊ. ವೈದ್ಯೆಯಾಗಬೇಕೆಂದಿದ್ದ ಆಕೆಗೆ 1932ರಲ್ಲಿ ಡೆಟ್ರಾಯಿಟ್‌ನಲ್ಲಿ ಗರ್ಭಪಾತವಾಯಿತು. ಆಸ್ಪತ್ರೆಯ ಹಾಸಿಗೆಯಲ್ಲೇ ಆಕೆ ವೈದ್ಯಕೀಯ ಚಿತ್ರಗಳ ಪುಸ್ತಕ ಕೇಳಿದರು. ವೈದ್ಯರು ಕೊಡಲೊಲ್ಲದಾಗ ಗಂಡ ಡಿಯೇಗೊ ರಿವೇರಾ ಒಂದನ್ನು ತಂದುಕೊಟ್ಟರು. ಅದೇ ಹೊತ್ತಿನಲ್ಲಿ ರಿವೇರಾ ಡೆಟ್ರಾಯಿಟ್‌ನ ಗೋಡೆಗಳ ಮೇಲೆ ಆರೋಗ್ಯವಂತ ಭ್ರೂಣವನ್ನೂ ಲಸಿಕೆಯ ದೃಶ್ಯವನ್ನೂ ಬರೆಯುತ್ತಿದ್ದರು. 1934ರಲ್ಲಿ ಮೆಕ್ಸಿಕೊ ನಗರದ ಭಿತ್ತಿಚಿತ್ರವೊಂದರಲ್ಲಿ ಸೂಕ್ಷ್ಮದರ್ಶಕದ ನೋಟವನ್ನು ಉದ್ದನೆಯ ರೆಕ್ಕೆಯಾಗಿ ಬಿಡಿಸಿ, ಕುಡಿದು ಕುಣಿಯುವ ಸಿರಿವಂತರ ಪಕ್ಕದಲ್ಲಿ ರೋಗಾಣುಗಳನ್ನು ಇಟ್ಟರು. ಅದು ಭಾಷಣಕಾರನ ಕಲೆ, ದೂರದಿಂದ ಕೇಳಿಸುವಂಥದು. ‘ಹೆನ್ರಿ ಫೋರ್ಡ್ ಆಸ್ಪತ್ರೆ’ ಎಂಬ ಫ್ರಿಡಾರ ಪುಟ್ಟ ತಗಡಿನ ಚಿತ್ರದಲ್ಲಾದರೋ ರಕ್ತಸಿಕ್ತ ಹಾಸಿಗೆಯ ಮೇಲಿನ ಹೆಣ್ಣಿನ ಕೈಯಿಂದ ಕೆಂಪು ಎಳೆಗಳು ಹೊರಟು ಭ್ರೂಣಕ್ಕೆ, ಶ್ರೋಣಿಯ ಮೂಳೆಗೆ, ಅಂಗರಚನೆಯ ಮಾದರಿಗೆ ಕಟ್ಟಿಕೊಂಡಿವೆ. ಪಠ್ಯಪುಸ್ತಕದ ಆಕೃತಿ ಯಾರದೆಂದು ಆ ಎಳೆ ಹೇಳುತ್ತದೆ. ಕಲಾವಿದೆ ಮೋನಾ ಹಾಟೂಮ್ 1994ರಲ್ಲಿ ಪ್ಯಾರಿಸ್‌ನ ಪಾಂಪಿಡು ಕೇಂದ್ರದಲ್ಲಿ ತೋರಿಸಿದ ‘ಕೋರ್ ಎತ್ರಾಂಜೆ’ (ಪರಕೀಯ ದೇಹ) ಇನ್ನೂ ನಿಷ್ಠುರ. ವೈದ್ಯರ ಎಂಡೊಸ್ಕೋಪ್ ಆಕೆಯ ದೇಹದೊಳಗೆ ತೆವಳಿ ತೆಗೆದ ದೃಶ್ಯ ದುಂಡಗಿನ ಕೋಣೆಯೊಂದರ ನೆಲದ ಮೇಲೆ ಬೀಳುತ್ತದೆ. ನೋಡುಗರು ಅದರ ಅಂಚಿಗೆ ನಿಲ್ಲಬೇಕು. ಪರಕೀಯವಾದದ್ದು ದೇಹವೋ ಒಳನುಗ್ಗಿದ ಕ್ಯಾಮೆರಾವೋ ಎಂದು ಬೇಗ ಹೇಳಲಾಗುವುದಿಲ್ಲ. ಇದು ವಿಜ್ಞಾನಕ್ಕೆ ಏನು ಸೇರಿಸಿತು ಎಂದರೆ ಏನೂ ಇಲ್ಲ. ಆದರೆ ವೈದ್ಯಕೀಯ ಚಿತ್ರ ಯಾರನ್ನು ಬಿಟ್ಟು ಬರೆಯುತ್ತದೆ ಎಂಬ ಲೆಕ್ಕವನ್ನು ವಿಜ್ಞಾನ ತಾನೇ ಇಡುವುದಿಲ್ಲ, ಇಡಬೇಕೆಂದೂ ಇಲ್ಲ, ಹಾಟೂಮ್‌ರಂಥವರು ಇಡುತ್ತಾರೆ.

ಈಗ ಗಣಕವೇ ಕ್ಷಣದಲ್ಲಿ ಹೊಳೆಯುವ ಜೀವಕೋಶವನ್ನು ಬಿಡಿಸಿಕೊಡುವಾಗ ಈ ಚರ್ಚೆ ಹಳತಾಯಿತು ಎನ್ನುವವರಿದ್ದಾರೆ. ನನಗೆ ಉಲ್ಟಾ ಅನ್ನಿಸುತ್ತದೆ. ಕಹಾಲ್‌ರ ಬಾಣವನ್ನು ಗಾಲ್ಜಿ ಪ್ರಶ್ನಿಸಬಹುದಿತ್ತು, ಹೆಕೆಲ್‌ರ ಮರದಚ್ಚನ್ನು ರೂಟಿಮಾಯರ್ ಹಿಡಿದುಕೊಡಬಹುದಿತ್ತು, ಏಕೆಂದರೆ ಬರೆದವರಿಗೊಂದು ಹೆಸರಿತ್ತು, ಬರೆದದ್ದಕ್ಕೊಂದು ಕಾರಣವಿತ್ತು. ಸಾವಿರ ಹಳೆಯ ಚಿತ್ರಗಳನ್ನು ಕಲಸಿ ಹುಟ್ಟಿದ ಕೋಶಕ್ಕೆ ಎರಡೂ ಇಲ್ಲ. ನಮ್ಮ ಪಠ್ಯಪುಸ್ತಕ ಸಮಿತಿಗಳೂ ಪತ್ರಿಕಾ ಸಂಪಾದಕರೂ ಇದಕ್ಕೆ ದೊಡ್ಡ ಖರ್ಚಿಲ್ಲದೆ ಒಂದು ಕೆಲಸ ಮಾಡಬಹುದು. ಜೀವಕೋಶದ್ದೋ ವೈರಸ್ಸಿನದ್ದೋ ಚಿತ್ರ ಅಚ್ಚುಹಾಕುವಾಗ ಅದರ ಕೆಳಗೆ ಒಂದು ಸಾಲು ಸೇರಿಸಲಿ: ಬರೆದವರು ಯಾರು, ಎಷ್ಟು ಪಟ್ಟು ಹಿಗ್ಗಿಸಿದ್ದು, ಬಣ್ಣ ನಿಜವೋ ಕಲ್ಪಿತವೋ, ಏನನ್ನು ಬಿಡಲಾಗಿದೆ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದಲೇ ಇದು ಶುರುವಾಗಲಿ.